ಆಗಸವನ್ನು ಗಾಜಿಗಿಳಿಸಿದ ಹೆನ್ರಿ ಡ್ರೇಪರ್

ದೂರದರ್ಶಕವು ಆಕಾಶದ ಕಡೆಗೆ ತಿರುಗಿದ್ದು 1609ರಲ್ಲಿ. ಆ ತರುವಾಯ ಎರಡು ಶತಮಾನಗಳಿಗೂ ಮಿಕ್ಕಿ ಖಗೋಳವಿಜ್ಞಾನಿಗೆ ಇದ್ದ ಸಾಧನಗಳು ಕಣ್ಣು ಮತ್ತು ಲೇಖನಿ ಮಾತ್ರ. ಕಂಡದ್ದನ್ನು ಆತ ಗೆರೆಗಳಲ್ಲಿ ಬರೆದಿಡುತ್ತಿದ್ದನು. ಒಂದೇ ರಾತ್ರಿ ಒಂದೇ ಗ್ರಹವನ್ನು ನೋಡಿದ ಇಬ್ಬರು ವೀಕ್ಷಕರ ಚಿತ್ರಗಳು ಪರಸ್ಪರ ಹೋಲುತ್ತಿರಲಿಲ್ಲ. ಕಣ್ಣಿನ ದಣಿವು, ಕೈಯ ನಡುಕ, ಮನಸ್ಸಿನ ನಿರೀಕ್ಷೆ ಎಲ್ಲವೂ ಚಿತ್ರದಲ್ಲಿ ಸೇರಿಕೊಳ್ಳುತ್ತಿದ್ದವು. ಯಾರ ಚಿತ್ರ ಸರಿ ಎಂದು ನಿರ್ಣಯಿಸಲು ಆ ರಾತ್ರಿ ಮರಳಿ ಬರುವಂತಿರಲಿಲ್ಲ. ಆಕಾಶವೇ ತನ್ನ ಸಾಕ್ಷ್ಯವನ್ನು ಗಾಜಿನ ಮೇಲೆ ಬರೆದುಕೊಡುವಂತೆ ಮಾಡಿ, ಅದನ್ನು ಮುಂದಿನವರ ಪರೀಕ್ಷೆಗೆ ಉಳಿಸಿಕೊಟ್ಟವರಲ್ಲಿ ಅಮೆರಿಕದ ಡಾಕ್ಟರ್ ಹೆನ್ರಿ ಡ್ರೇಪರರು ಅಗ್ರಗಣ್ಯರು. ಅವರು ವೃತ್ತಿಯಿಂದ ವೈದ್ಯರು ಮತ್ತು ಅಧ್ಯಾಪಕರು; ಯಾವ ವೀಕ್ಷಣಾಲಯದ ನೌಕರರೂ ಅಲ್ಲ. ತಂದೆಯ ಮನೆಯ ಹಿತ್ತಿಲಲ್ಲಿ ತಾವೇ ಕಟ್ಟಿದ ಪುಟ್ಟ ವೀಕ್ಷಣಾಲಯದಲ್ಲಿ, ತಾವೇ ಉಜ್ಜಿ ನಯಗೊಳಿಸಿದ ಕನ್ನಡಿಯಿಂದ ಅವರು ಈ ಕಾರ್ಯವನ್ನು ಆರಂಭಿಸಿದರು. 45ನೆಯ ವಯಸ್ಸಿನಲ್ಲಿ ಅದನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡರು. ಅರ್ಧಕ್ಕೆ ನಿಂತ ಆ ಕಾರ್ಯ ಪೂರ್ಣಗೊಂಡ ಬಗೆಯೂ ಅವರ ಜೀವನಕಥೆಯ ಭಾಗವೇ ಆಗಿದೆ.

ಹೆನ್ರಿ ಜನಿಸಿದ್ದು 1837ರ ಮಾರ್ಚ್ 7ರಂದು, ವರ್ಜೀನಿಯ ಪ್ರಾಂತದಲ್ಲಿ. ತಂದೆ ಜಾನ್ ವಿಲಿಯಂ ಡ್ರೇಪರ್ ಇಂಗ್ಲೆಂಡಿನಿಂದ ವಲಸೆ ಬಂದವರು. ರಸಾಯನಶಾಸ್ತ್ರದಲ್ಲಿ ಹೆಸರುವಾಸಿಯಾದ ಪಂಡಿತರು. ಹೆನ್ರಿಗೆ ಎರಡು ವರ್ಷ ತುಂಬುವ ವೇಳೆಗೆ ತಂದೆಗೆ ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆತು ಕುಟುಂಬವು ಅಲ್ಲಿಗೆ ಬಂದು ನೆಲೆಸಿತು. ಅದೇ ವರ್ಷ ಫ್ರಾನ್ಸಿನಲ್ಲಿ ಡಾಗೇರ್ ಎಂಬವರು ಬೆಳ್ಳಿಯ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸುವ ವಿಧಾನವನ್ನು ಪ್ರಕಟಿಸಿದ್ದರು. ಹಿರಿಯ ಡ್ರೇಪರರು ಕೂಡಲೇ ಅದನ್ನು ಕೈಗೆತ್ತಿಕೊಂಡು 1840ರಲ್ಲಿ ಚಂದ್ರನ ಛಾಯಾಚಿತ್ರವನ್ನು ತೆಗೆದರು. ಚಂದ್ರನ ಮೊಟ್ಟಮೊದಲ ಛಾಯಾಚಿತ್ರಗಳಲ್ಲಿ ಅದೂ ಒಂದು. ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಪ್ರಯೋಗಶಾಲೆ ಅಪರಿಚಿತ ಸ್ಥಳವಾಗಿರಲಿಲ್ಲ. 13ನೆಯ ವಯಸ್ಸಿನಲ್ಲೇ ಅವನು ತಂದೆ ಬರೆಯುತ್ತಿದ್ದ ಶರೀರಶಾಸ್ತ್ರದ ಗ್ರಂಥಕ್ಕಾಗಿ ಸೂಕ್ಷ್ಮದರ್ಶಕದ ಮೂಲಕ ಛಾಯಾಚಿತ್ರ ತೆಗೆಯುವುದರಲ್ಲಿ ನೆರವಾದನು. ತಂದೆಯೇ ಗುರುವಾಗಿ, ಮಗನೇ ಶಿಷ್ಯನಾಗಿ ನಡೆದ ಆ ಪಾಠವು ಪುಸ್ತಕದ ಪಾಠಕ್ಕಿಂತ ಆಳವಾಗಿ ಇಳಿಯಿತು.

ಹೆನ್ರಿ 15ನೆಯ ವಯಸ್ಸಿನಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದನು. ಎರಡು ವರ್ಷಗಳ ಬಳಿಕ ವೈದ್ಯಶಾಸ್ತ್ರಕ್ಕೆ ತಿರುಗಿದನು. 1857ರಲ್ಲಿ ಎಲ್ಲ ಪರೀಕ್ಷೆಗಳನ್ನೂ ಮುಗಿಸಿದಾಗ ಅವನ ವಯಸ್ಸು 20. ಪದವಿ ಪಡೆಯಲು 21 ತುಂಬಬೇಕೆಂಬ ನಿಯಮವಿತ್ತು. ಕಾಯಬೇಕಾದ ಆ ಅವಧಿಯನ್ನು ಯುವಕನು ಅಣ್ಣತಮ್ಮಂದಿರ ಜೊತೆಯಲ್ಲಿ ಯೂರೋಪಿನ ಪ್ರವಾಸಕ್ಕೆ ಬಳಸಿಕೊಂಡನು. ಐರ್ಲೆಂಡಿನ ಪಾರ್ಸನ್ಸ್‌ಟೌನ್ ಎಂಬ ಊರಿನಲ್ಲಿ ರಾಸ್ ಪ್ರಭುಗಳು ತಮ್ಮ ಅರಮನೆಯ ಅಂಗಳದಲ್ಲಿ ನಿಲ್ಲಿಸಿದ್ದ 6 ಅಡಿ ವ್ಯಾಸದ ಕನ್ನಡಿಯ ದೂರದರ್ಶಕವನ್ನು ಕಂಡನು. ಅಂದು ಜಗತ್ತಿನಲ್ಲೇ ಅತಿ ದೊಡ್ಡದಾಗಿದ್ದ ಆ ಯಂತ್ರವನ್ನು ಒಬ್ಬ ಖಾಸಗಿ ವ್ಯಕ್ತಿ ತನ್ನ ಸ್ವಂತ ಶ್ರಮದಿಂದ ಕಟ್ಟಿದ್ದನೆಂಬುದು ಆತನ ಮನಸ್ಸಿನಲ್ಲಿ ನಾಟಿತು. ಅಂತಹುದೊಂದನ್ನು ಕಟ್ಟಬೇಕು, ಅದರಿಂದ ಆಕಾಶದ ಛಾಯಾಚಿತ್ರ ತೆಗೆಯಬೇಕು ಎಂಬ ಸಂಕಲ್ಪದೊಡನೆ ಆತ ಸ್ವದೇಶಕ್ಕೆ ಮರಳಿದನು. 1858ರಲ್ಲಿ ಪದವಿ ಪಡೆದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೆಲಕಾಲ ವೈದ್ಯನಾಗಿ ದುಡಿದ ಮೇಲೆ, 1860ರಲ್ಲಿ ತಾನು ಕಲಿತ ವಿಶ್ವವಿದ್ಯಾನಿಲಯದಲ್ಲಿಯೇ ವಿಜ್ಞಾನದ ಅಧ್ಯಾಪಕನಾದನು.

ಹಡ್ಸನ್ ನದಿಯ ದಡದಲ್ಲಿ ಹೇಸ್ಟಿಂಗ್ಸ್ ಎಂಬ ಹಳ್ಳಿ. ಅಲ್ಲಿ ತಂದೆಗೆ ಮನೆಯೂ ಜಮೀನೂ ಇದ್ದವು. ಆ ಜಮೀನಿನಲ್ಲಿ ಡ್ರೇಪರರು ತಮ್ಮ ಕೆಲಸವನ್ನು ಆರಂಭಿಸಿದರು. ಮೊದಲು ಅವರು ಕೈಹಾಕಿದ್ದು ತಾಮ್ರ ಮತ್ತು ತವರಗಳನ್ನು ಬೆರೆಸಿ ಎರಕಹೊಯ್ದ 15½ ಅಂಗುಲ ವ್ಯಾಸದ ಲೋಹದ ಕನ್ನಡಿಗೆ. ತಿಂಗಳುಗಟ್ಟಲೆ ಉಜ್ಜಿ ಆಕಾರಕ್ಕೆ ತಂದ ಆ ಕನ್ನಡಿಯು ಚಳಿಗಾಲದ ಒಂದು ರಾತ್ರಿ ನಾಶವಾಯಿತು. ಕನ್ನಡಿಯನ್ನು ಇರಿಸಿದ್ದ ಪೆಟ್ಟಿಗೆಯೊಳಗೆ ಸೇರಿದ್ದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಲೋಹವನ್ನು ಸೀಳಿಬಿಟ್ಟಿತ್ತು. ಅದೇ 1860ರಲ್ಲಿ ತಂದೆಯವರು ಇಂಗ್ಲೆಂಡಿಗೆ ಹೋಗಿದ್ದಾಗ ಸುಪ್ರಸಿದ್ಧ ಖಗೋಳಜ್ಞ ಜಾನ್ ಹರ್ಷೆಲರನ್ನು ಕಂಡು ಮಗನ ಪ್ರಯತ್ನವನ್ನು ವಿವರಿಸಿದರು. ಲೋಹವನ್ನು ಕೈಬಿಟ್ಟು ಗಾಜಿನ ಕನ್ನಡಿಗೆ ಬೆಳ್ಳಿಯ ಲೇಪ ಕೊಡುವುದೇ ಲೇಸೆಂದು ಹರ್ಷೆಲರು ಸಲಹೆ ಮಾಡಿದರು. ಗಾಜು ಲೋಹಕ್ಕಿಂತ ಹಗುರ. ಬೆಳಕನ್ನು ಹೆಚ್ಚು ಪ್ರತಿಫಲಿಸುವುದು ಬೆಳ್ಳಿ. ಲೇಪ ಮಾಸಿದರೆ ಅದನ್ನು ಕರಗಿಸಿ ತೆಗೆದು ಹೊಸದಾಗಿ ಬಳಿಯಬಹುದು, ಗಾಜಿನ ಆಕಾರಕ್ಕೆ ಧಕ್ಕೆಯಿಲ್ಲ.

ಡ್ರೇಪರರು ಒಡೆದ ಕನ್ನಡಿಗಾಗಿ ಮರುಗುತ್ತ ಕೂಡಲಿಲ್ಲ. ಮುಂದಿನ ವರ್ಷಗಳಲ್ಲಿ ಕಾಲು ಅಂಗುಲದಿಂದ 19 ಅಂಗುಲದವರೆಗಿನ ಸುಮಾರು 100 ಗಾಜಿನ ಕನ್ನಡಿಗಳನ್ನು ಉಜ್ಜಿ ಪರೀಕ್ಷಿಸಿದರು. ಕಾಲೇಜಿನಲ್ಲಿ ಪಾಠ ಹೇಳಿ ಉಳಿದ ವೇಳೆಯೆಲ್ಲವೂ ಇದಕ್ಕೆ ಮೀಸಲು. 1862ರಲ್ಲಿ ಅಂತರ್ಯುದ್ಧದ ನಿಮಿತ್ತ ನ್ಯೂಯಾರ್ಕ್ ದಳವೊಂದರ ಶಸ್ತ್ರವೈದ್ಯರಾಗಿ ಹೋಗಿ, ಆರೋಗ್ಯ ಕೆಟ್ಟು ಮರಳಿದರು. 1863ರಲ್ಲಿ 15½ ಅಂಗುಲದ ಬೆಳ್ಳಿಲೇಪದ ದೂರದರ್ಶಕದಿಂದ ಚಂದ್ರನ ಸುಮಾರು 1,500 ಛಾಯಾಚಿತ್ರಗಳನ್ನು ತೆಗೆದರು.

ಈ ಕೆಲಸದ ಕಷ್ಟವನ್ನು ಇಂದಿನವರು ಸುಲಭವಾಗಿ ಊಹಿಸಲಾರರು. ಗಾಜಿನ ಫಲಕಕ್ಕೆ ಕಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ದೂರದರ್ಶಕಕ್ಕೆ ಸಿಕ್ಕಿಸಿ, ಒಣಗುವ ಮುನ್ನವೇ ಕತ್ತಲೆಯ ಕೋಣೆಗೆ ಒಯ್ದು ಚಿತ್ರವನ್ನು ಸ್ಫುಟಗೊಳಿಸಬೇಕಾಗಿತ್ತು. ಇಷ್ಟರಲ್ಲಿ ಭೂಮಿ ತಿರುಗುತ್ತಿರುತ್ತದೆ, ನಕ್ಷತ್ರಗಳು ಸರಿಯುತ್ತಿರುತ್ತವೆ, ಚಂದ್ರನು ನಕ್ಷತ್ರಗಳ ನಡುವೆ ತನ್ನದೇ ಗತಿಯಲ್ಲಿ ಜಾರುತ್ತಿರುತ್ತಾನೆ. ಕಣ್ಣಿಗೆ ಅರಿವಾಗದ ಆ ಚಲನೆಯು ಫಲಕದ ಮೇಲೆ ಚಿತ್ರವನ್ನು ಕದಡಿಬಿಡುತ್ತದೆ. ಇದನ್ನು ತಪ್ಪಿಸಲು ಡ್ರೇಪರರು ಫಲಕವೇ ಚಂದ್ರನ ಜೊತೆಯಲ್ಲಿ ಮೆಲ್ಲಮೆಲ್ಲನೆ ಸರಿಯುವಂತೆ ಮಾಡುವ ಜಲಗಡಿಯಾರದಂತಹ ಉಪಕರಣವನ್ನು ರೂಪಿಸಿಕೊಂಡರು. ಫಲಕದ ಮೇಲೆ ಚಂದ್ರಬಿಂಬದ ಅಳತೆ ಸುಮಾರು 1¼ ಅಂಗುಲ ಮಾತ್ರ. ಆದರೆ ಅದು ಎಷ್ಟು ಸ್ಫುಟವಾಗಿತ್ತೆಂದರೆ 3 ಅಡಿ ವ್ಯಾಸಕ್ಕೆ ಹಿಗ್ಗಿಸಿದಾಗಲೂ ಚಂದ್ರನ ಬೆಟ್ಟಗಳೂ ಕುಳಿಗಳೂ ಸ್ಪಷ್ಟವಾಗಿ ಉಳಿದವು.

ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದ ಜೋಸೆಫ್ ಹೆನ್ರಿಯವರ ಪ್ರೋತ್ಸಾಹದಿಂದ ಡ್ರೇಪರರು ತಮ್ಮ ಅನುಭವವನ್ನೆಲ್ಲ ಬರೆದರು. ಆ ಪುಸ್ತಿಕೆ 1864ರಲ್ಲಿ ಪ್ರಕಟವಾಯಿತು. ಕನ್ನಡಿಯನ್ನು ಉಜ್ಜುವ ಬಗೆ, ಅದರ ಆಕಾರವನ್ನು ಪರೀಕ್ಷಿಸುವ ಬಗೆ, ಬೆಳ್ಳಿ ಬಳಿಯುವ ಬಗೆ, ಛಾಯಾಚಿತ್ರ ತೆಗೆಯುವ ಬಗೆ ಯಾವುದನ್ನೂ ಅವರು ಗುಟ್ಟಾಗಿ ಇರಿಸಿಕೊಳ್ಳಲಿಲ್ಲ. ಸೋತ ಪ್ರಯೋಗಗಳನ್ನೂ ಬಿಡದೆ ಬರೆದರು. ಹಿತ್ತಿಲಲ್ಲಿ ದೂರದರ್ಶಕ ಕಟ್ಟಬಯಸಿದ ಹವ್ಯಾಸಿಗಳಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. ತಾನು ಪಟ್ಟ ಪಾಡನ್ನು ಮುಂದಿನವನು ಪಡಬಾರದೆಂಬ ಅಧ್ಯಾಪಕನ ಮನೋಧರ್ಮವು ಈ ಪುಸ್ತಿಕೆಯಲ್ಲಿ ಎದ್ದು ಕಾಣುತ್ತದೆ.

1867ರಲ್ಲಿ ಡ್ರೇಪರರು ನ್ಯೂಯಾರ್ಕಿನ ಸಿರಿವಂತ ವರ್ತಕರಾದ ಕೋರ್ಟ್‌ಲ್ಯಾಂಡ್ ಪಾಮರರ ಮಗಳು ಮೇರಿ ಆ್ಯನಾ ಅವರನ್ನು ವಿವಾಹವಾದರು. ಹೊಸ ದಂಪತಿಗಳು ವಿವಾಹವಾದೊಡನೆಯೇ ಕೂಡಿ ಹೋದದ್ದು 28 ಅಂಗುಲದ ಹೊಸ ಕನ್ನಡಿಗೆ ತಕ್ಕ ಗಾಜನ್ನು ಆರಿಸಲು. ಅದೇ ತಮ್ಮ ವಿವಾಹದ ಪ್ರವಾಸವೆಂದು ಮುಂದೆ ಅವರು ವಿನೋದವಾಗಿ ನೆನೆಯುತ್ತಿದ್ದರು. ಸಂಪತ್ತಿನ ಮನೆಯಿಂದ ಬಂದ ಆಕೆ ಪತಿಯ ಕೆಲಸವನ್ನು ದೂರದಿಂದ ನೋಡುವವರಾಗಲಿಲ್ಲ. ವೀಕ್ಷಣೆಯ ರಾತ್ರಿಗಳಲ್ಲಿ ತಪ್ಪದೆ ಜೊತೆಗಿದ್ದು ಫಲಕಗಳಿಗೆ ದ್ರವ ಲೇಪಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. 1878ರ ಜುಲೈ 29ರಂದು ವಯೋಮಿಂಗ್ ಪ್ರದೇಶದ ರಾಲಿನ್ಸ್‌ನಲ್ಲಿ ಖಗ್ರಾಸ ಸೂರ್ಯಗ್ರಹಣವನ್ನು ವೀಕ್ಷಿಸಲು ಡ್ರೇಪರರ ತಂಡ ಹೋದಾಗ, ಗ್ರಹಣಕಾಲದ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುವ ಹೊಣೆ ಆಕೆಯದಾಗಿತ್ತು. ಗ್ರಹಣದ ಸೊಬಗಿಗೆ ಮನಸೋತು ಎಣಿಕೆ ತಪ್ಪಬಾರದೆಂದು ಆಕೆ ಡೇರೆಯೊಳಗೆ ಕುಳಿತು ಎಣಿಸಿದರು. ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದು, ಎಲ್ಲರೂ ನೋಡಿದ ಗ್ರಹಣವನ್ನು ತಾವು ನೋಡದೆ ಹಿಂದಿರುಗಿದರು.

28 ಅಂಗುಲದ ದೂರದರ್ಶಕವು 1872ರಲ್ಲಿ ಸಿದ್ಧವಾಯಿತು. ಆ ವರ್ಷವೇ ಡ್ರೇಪರರು ತಮ್ಮ ಜೀವಿತದ ಅತಿ ಮುಖ್ಯ ಕಾರ್ಯವೊಂದನ್ನು ಸಾಧಿಸಿದರು. ನಕ್ಷತ್ರದ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ಕೆಂಪಿನಿಂದ ನೇರಳೆಯವರೆಗೆ ಹರಡಿದ ವರ್ಣಪಟಲವಾಗುತ್ತದೆ. ಆ ಪಟಲದಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಗೆರೆಗಳು ನಕ್ಷತ್ರದಲ್ಲಿರುವ ಮೂಲವಸ್ತುಗಳ ಗುರುತುಗಳು. ಅವುಗಳನ್ನು ಕಣ್ಣಿನಿಂದ ಕಂಡವರಿದ್ದರು. ಇಂಗ್ಲೆಂಡಿನ ಹಗಿನ್ಸ್ ಅವರು 1863ರಲ್ಲಿಯೇ ಛಾಯಾಚಿತ್ರಕ್ಕೆ ಯತ್ನಿಸಿದ್ದರೂ ಫಲಕದಲ್ಲಿ ಗೆರೆಗಳು ಮೂಡಿರಲಿಲ್ಲ. 1872ರ ಆಗಸ್ಟಿನಲ್ಲಿ ಡ್ರೇಪರರ ಫಲಕದ ಮೇಲೆ ಅಭಿಜಿತ್ ನಕ್ಷತ್ರದ ವರ್ಣಪಟಲವು ನಾಲ್ಕು ಗೆರೆಗಳ ಸಮೇತ ಮೂಡಿತು. ನಕ್ಷತ್ರವೊಂದು ತನ್ನ ರಚನೆಯ ಗುಟ್ಟನ್ನು ಗಾಜಿನ ಮೇಲೆ ಬರೆದುಕೊಟ್ಟದ್ದು ಅದೇ ಮೊದಲು.

1874ರ ಡಿಸೆಂಬರಿನಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದಿತ್ತು. ಅದನ್ನು ಬೇರೆ ಬೇರೆ ದೇಶಗಳಿಂದ ಅಳೆದು ಸೂರ್ಯನ ದೂರವನ್ನು ಕಂಡುಹಿಡಿಯಲು ಅಮೆರಿಕದ ಸರ್ಕಾರವು ನಾಗಸಾಕಿ, ಪೆಕಿಂಗ್, ಟಾಸ್ಮೇನಿಯ ಮೊದಲಾದ ಕಡೆಗಳಿಗೆ ಎಂಟು ತಂಡಗಳನ್ನು ಕಳುಹಿಸಿತು. ಆ ತಂಡಗಳ ಛಾಯಾಚಿತ್ರ ವಿಭಾಗದ ಸಿದ್ಧತೆಯನ್ನೆಲ್ಲ ಡ್ರೇಪರರಿಗೆ ಒಪ್ಪಿಸಲಾಯಿತು. ಅವರು ರಾಜಧಾನಿಯಲ್ಲಿ ತಿಂಗಳುಗಟ್ಟಲೆ ಇದ್ದು ಉಪಕರಣಗಳನ್ನು ಅಣಿಗೊಳಿಸಿ, ಹೋಗುವವರಿಗೆ ತರಬೇತಿ ಕೊಟ್ಟರು. ತಾವು ಮಾತ್ರ ಯಾವ ತಂಡದೊಡನೆಯೂ ಹೋಗಲಿಲ್ಲ. ಈ ಸೇವೆಗಾಗಿ ಅಮೆರಿಕದ ಶಾಸನಸಭೆಯು ಅವರ ಹೆಸರಿನಲ್ಲಿ ವಿಶೇಷ ಚಿನ್ನದ ಪದಕವನ್ನು ಅಚ್ಚುಹಾಕಿಸಿ ಗೌರವಿಸಿತು.

ಅವರ ನಿರ್ಣಯಗಳೆಲ್ಲವೂ ಸರಿಯಾಗಿದ್ದುವೆಂದು ಹೇಳಲಾಗದು. 1877ರಲ್ಲಿ ಅವರು ಸೂರ್ಯನ ವರ್ಣಪಟಲದಲ್ಲಿ ಆಮ್ಲಜನಕದ ಹೊಳಪಾದ ಗೆರೆಗಳನ್ನು ಕಂಡೆನೆಂದು ಪ್ರಕಟಿಸಿದರು. ಹಲವರು ಒಪ್ಪಲಿಲ್ಲ. ಡ್ರೇಪರರು 1879ರಲ್ಲಿ ಲಂಡನ್ನಿಗೆ ಹೋಗಿ ತಮ್ಮ ಫಲಕಗಳನ್ನು ಅಲ್ಲಿಯ ವಿದ್ವಾಂಸರ ಮುಂದಿರಿಸಿದರು. ಸೂರ್ಯನಲ್ಲಿ ಆಮ್ಲಜನಕ ಇರುವುದು ನಿಜವೇ. ಆದರೆ ಅವರು ತೋರಿದ ಗೆರೆಗಳು ಅದಕ್ಕೆ ಪ್ರಮಾಣವಲ್ಲವೆಂದು ಮುಂದೆ ಸಿದ್ಧವಾಯಿತು. ಅಂತೆಯೇ ಗುರುಗ್ರಹದ ವರ್ಣಪಟಲದ ಛಾಯಾಚಿತ್ರವನ್ನು ಚಂದ್ರನದರೊಡನೆ ಹೋಲಿಸಿ, ಗುರುವಿಗೆ ಸ್ವಲ್ಪಮಟ್ಟಿನ ಸ್ವಂತ ಬೆಳಕು ಉಂಟೆಂದು 1880ರಲ್ಲಿ ಊಹಿಸಿದರು. ಗುರುವು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಹೊರಸೂಸುತ್ತದೆಂಬುದು ಈಗ ತಿಳಿದಿದೆ; ಡ್ರೇಪರರು ಊಹಿಸಿದಂತಹ ಸ್ವಂತ ಬೆಳಕು ಅದಕ್ಕಿಲ್ಲ. ಆದರೂ ಈ ತಪ್ಪುಗಳು ಪತ್ತೆಯಾಗಲು ಸಾಧ್ಯವಾದದ್ದು ಅವರ ವಿಧಾನದಿಂದಲೇ. ಕಣ್ಣಿನ ಸಾಕ್ಷ್ಯವು ನೋಡಿದವನೊಡನೆ ಅಳಿಯುತ್ತದೆ. ಫಲಕವು ಉಳಿದು, ತೆಗೆದವನ ಅಭಿಪ್ರಾಯವನ್ನೇ ಪರೀಕ್ಷೆಗೆ ಒಡ್ಡುತ್ತದೆ.

ಆ ಲಂಡನ್ ಯಾತ್ರೆಯಿಂದ ಒಂದು ದೊಡ್ಡ ಲಾಭವಾಯಿತು. ಹಗಿನ್ಸ್ ಅವರು ಹಸಿ ಫಲಕಗಳಿಗೆ ಬದಲಾಗಿ ಜೆಲಟಿನ್ ಲೇಪದ ಒಣ ಫಲಕಗಳನ್ನು ಬಳಸುತ್ತಿದ್ದುದನ್ನು ಡ್ರೇಪರರು ಕಂಡರು. ಒಣ ಫಲಕಗಳು ಬೆಳಕಿಗೆ ಹೆಚ್ಚು ಸೂಕ್ಷ್ಮ. ಒಣಗಿಹೋಗುವ ಭಯವಿಲ್ಲದ ಕಾರಣ ಗಂಟೆಗಟ್ಟಲೆ ತೆರೆದಿಡಬಹುದು. 1880ರ ಸೆಪ್ಟೆಂಬರ್ 30ರಂದು ಡ್ರೇಪರರು ಮಹಾವ್ಯಾಧ ಪುಂಜದ ನೀಹಾರಿಕೆಯ ಕಡೆಗೆ 11 ಅಂಗುಲದ ಮಸೂರದ ದೂರದರ್ಶಕವನ್ನು ತಿರುಗಿಸಿ, ಒಣ ಫಲಕವನ್ನು ಸುಮಾರು 50 ನಿಮಿಷ ತೆರೆದಿಟ್ಟರು. ನೀಹಾರಿಕೆಯೊಂದರ ಮೊಟ್ಟಮೊದಲ ಛಾಯಾಚಿತ್ರವು ಹೀಗೆ ಆ ಹಿತ್ತಿಲಲ್ಲಿ ಜನ್ಮತಾಳಿತು. ಗಡಿಯಾರದ ಯಂತ್ರವನ್ನು ತಿದ್ದಿ ತಿದ್ದಿ, 1882ರ ಮಾರ್ಚ್ 14ರಂದು 137 ನಿಮಿಷಗಳಷ್ಟು ಕಾಲ ಫಲಕವನ್ನು ತೆರೆದಿಟ್ಟು ಚಿತ್ರ ತೆಗೆದರು. ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಮೊದಲ ಕ್ಷಣ ಕಂಡದ್ದಕ್ಕಿಂತ ಹೆಚ್ಚೇನೂ ಕಾಣದು. ಫಲಕವಾದರೋ ಬೆಳಕನ್ನು ಹನಿಹನಿಯಾಗಿ ಕೂಡಿಡುತ್ತದೆ. ಮುಂದಿನ ಖಗೋಳವಿಜ್ಞಾನವೆಲ್ಲ ಈ ಒಂದು ತತ್ತ್ವದ ಮೇಲೆ ಬೆಳೆಯಿತು.

ಡ್ರೇಪರರ ವೇಳೆಯೆಲ್ಲವೂ ಆಕಾಶಕ್ಕೆ ಮೀಸಲಾಗಿರಲಿಲ್ಲ. 1874ರಲ್ಲಿ ಮಾವನವರು ತೀರಿಕೊಂಡ ಮೇಲೆ ಅವರ ಆಸ್ತಿಯ ಆಡಳಿತ ಇವರ ಹೆಗಲೇರಿತ್ತು. ಕಾಲೇಜಿನ ಕೆಲಸವಂತೂ ಇದ್ದೇ ಇತ್ತು. 1882ರ ಜನವರಿಯಲ್ಲಿ ತಂದೆಯವರು ನಿಧನರಾದರು. ಆ ವರ್ಷ ಅಧ್ಯಾಪಕ ಪದವಿಗೆ ರಾಜೀನಾಮೆಯಿತ್ತು, ಉಳಿದ ಆಯುಷ್ಯವನ್ನು ಸಂಶೋಧನೆಗೇ ಸಲ್ಲಿಸಲು ಅವರು ಸಿದ್ಧರಾದರು. ಶರತ್ಕಾಲದಲ್ಲಿ ಮಿತ್ರರೊಡನೆ ರಾಕಿ ಪರ್ವತಗಳಿಗೆ ಬೇಟೆಗೆಂದು ಹೋದಾಗ ಹಿಮಪಾತಕ್ಕೆ ಸಿಲುಕಿ, ಆಸರೆಯಿಲ್ಲದೆ ರಾತ್ರಿ ಕಳೆಯಬೇಕಾಯಿತು. ಊರಿಗೆ ಮರಳಿದ ಮೇಲೂ ದೇಹ ಚೇತರಿಸಿಕೊಳ್ಳಲಿಲ್ಲ. ನವೆಂಬರ್ 15ರಂದು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಿಗೆ ತಮ್ಮ ಮನೆಯಲ್ಲಿ ಔತಣವನ್ನು ಏರ್ಪಡಿಸಿದ್ದರು. ಎಡಿಸನ್ನರ ಹೊಸ ವಿದ್ಯುದ್ದೀಪಗಳಿಂದ ಮನೆ ಬೆಳಗುತ್ತಿತ್ತು. ಅತಿಥಿಗಳನ್ನು ಸತ್ಕರಿಸುತ್ತಿದ್ದಾಗಲೇ ಡ್ರೇಪರರು ಅಸ್ವಸ್ಥರಾದರು. ಐದು ದಿನಗಳ ಬಳಿಕ, 1882ರ ನವೆಂಬರ್ 20ರಂದು, ಶ್ವಾಸಕೋಶದ ಪೊರೆಯ ಉರಿಯೂತದಿಂದ ಕೊನೆಯುಸಿರೆಳೆದರು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಹೇಸ್ಟಿಂಗ್ಸ್‌ನ ವೀಕ್ಷಣಾಲಯದಲ್ಲಿ ಉಳಿದದ್ದು ಗ್ರಹನಕ್ಷತ್ರಗಳ ವರ್ಣಪಟಲದ ಫಲಕಗಳು, ಅಪೂರ್ಣವಾದ ಅಳತೆಗಳು ಮತ್ತು ಒಡೆಯನಿಲ್ಲದ ದೂರದರ್ಶಕಗಳು. ಶ್ರೀಮತಿ ಡ್ರೇಪರರು ಮೊದಲು ಆ ಕೆಲಸವನ್ನು ಅಲ್ಲಿಯೇ, ತಮ್ಮ ಮೇಲ್ವಿಚಾರಣೆಯಲ್ಲಿಯೇ ಮುಂದುವರಿಸಬೇಕೆಂದು ಬಯಸಿದರು. ತಕ್ಕ ಸಹಾಯಕರು ದೊರೆಯಲಿಲ್ಲ. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾದ ಎಡ್ವರ್ಡ್ ಪಿಕರಿಂಗ್ ಅವರು ಫಲಕಗಳನ್ನು ಅಳೆಯುವುದರಲ್ಲಿ ನೆರವಾಗಿ, 1884ರಲ್ಲಿ ಡ್ರೇಪರರ ಸಂಶೋಧನೆ ಪ್ರಕಟವಾಗುವಂತೆ ಮಾಡಿದರು. ಮಸೂರದ ಮುಂದೆಯೇ ದೊಡ್ಡ ಪಟ್ಟಕವನ್ನು ಇರಿಸಿದರೆ ಒಂದೇ ಫಲಕದ ಮೇಲೆ ನೂರಾರು ನಕ್ಷತ್ರಗಳ ವರ್ಣಪಟಲಗಳನ್ನು ಪಡೆಯಬಹುದೆಂಬುದು ಪಿಕರಿಂಗರ ಯೋಜನೆ. ಪತಿಯ ವೀಕ್ಷಣಾಲಯವನ್ನು ಸ್ಮಾರಕವಾಗಿ ಕಾಪಾಡುವುದೋ, ಪತಿಯ ಕೆಲಸವನ್ನು ಪರರ ಕೈಯಲ್ಲಿಟ್ಟು ಬೆಳೆಸುವುದೋ ಎಂಬ ಪ್ರಶ್ನೆ ಆಕೆಯ ಮುಂದಿತ್ತು. ಆಕೆ ಕೆಲಸವನ್ನು ಆರಿಸಿಕೊಂಡರು. 1886ರಲ್ಲಿ ಹೆನ್ರಿ ಡ್ರೇಪರ್ ಸ್ಮಾರಕ ದತ್ತಿಯನ್ನು ಹಾರ್ವರ್ಡಿನಲ್ಲಿ ಸ್ಥಾಪಿಸಿ, ದೂರದರ್ಶಕಗಳನ್ನೂ ಅಲ್ಲಿಗೆ ಕೊಟ್ಟರು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳದೆ ವರ್ಷ ವರ್ಷವೂ ಹಣ ಒದಗಿಸಿ, ಕೆಲಸದ ಪ್ರಗತಿಯನ್ನು ವಿಚಾರಿಸುತ್ತಿದ್ದರು. 1914ರಲ್ಲಿ ತೀರಿಕೊಂಡಾಗ ತಮ್ಮ ಮರಣಶಾಸನದಲ್ಲಿ ಇನ್ನೂ 1,50,000 ಡಾಲರುಗಳನ್ನು ಅದಕ್ಕೆ ಬಿಟ್ಟಿದ್ದರು.

ಆ ದತ್ತಿಯಿಂದ ನಡೆದ ಕೆಲಸದಲ್ಲಿ ಹೆಚ್ಚಿನ ಪಾಲು ಮಹಿಳೆಯರದು. ಗಂಡನಿಂದ ಪರಿತ್ಯಕ್ತರಾಗಿ ಪಿಕರಿಂಗರ ಮನೆಯಲ್ಲಿ ಕೆಲಸಕ್ಕೆ ಸೇರಿದ್ದ ಸ್ಕಾಟ್ಲೆಂಡಿನ ವಿಲಿಯಮಿನಾ ಫ್ಲೆಮಿಂಗ್ ಅವರು ಫಲಕಗಳನ್ನು ಓದಲು ಕಲಿತು, 1890ರಲ್ಲಿ ಪ್ರಕಟವಾದ 10,351 ನಕ್ಷತ್ರಗಳ ಪಟ್ಟಿಗೆ ಮುಖ್ಯ ಕಾರಣರಾದರು. ಡ್ರೇಪರರ ಸೋದರಿಯ ಮಗಳು ಆಂಟೋನಿಯಾ ಮಾರಿ, ಸೋದರಮಾವನ ದೂರದರ್ಶಕದಿಂದಲೇ ತೆಗೆದ ಫಲಕಗಳನ್ನು ಅಭ್ಯಾಸ ಮಾಡಿ ಸೂಕ್ಷ್ಮವಾದ ವರ್ಗೀಕರಣವೊಂದನ್ನು 1897ರಲ್ಲಿ ಹೊರತಂದರು. ಕಿವಿ ಮಂದವಾಗಿದ್ದ ಆ್ಯನಿ ಜಂಪ್ ಕ್ಯಾನನ್ ಅವರು 2,25,300 ನಕ್ಷತ್ರಗಳನ್ನು ಒಂದೊಂದಾಗಿ ನೋಡಿ ವರ್ಗೀಕರಿಸಿದರು. ಅವು 1918ರಿಂದ 1924ರವರೆಗೆ ಒಂಬತ್ತು ಸಂಪುಟಗಳಲ್ಲಿ ಹೆನ್ರಿ ಡ್ರೇಪರ್ ನಕ್ಷತ್ರಪಟ್ಟಿ ಎಂಬ ಹೆಸರಿನಿಂದ ಪ್ರಕಟವಾದವು. ಪತಿಯ ನೆನಪಿಗಾಗಿ ಶ್ರೀಮತಿ ಡ್ರೇಪರರು ವಿಜ್ಞಾನ ಅಕಾಡೆಮಿಯಲ್ಲಿ ಒಂದು ಪದಕವನ್ನೂ ಸ್ಥಾಪಿಸಿದ್ದರು. 1931ರಲ್ಲಿ ಆ ಡ್ರೇಪರ್ ಪದಕವು ಕ್ಯಾನನ್ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಮಹಿಳೆ ಅವರೇ.

ಈ ಕೆಲಸದ ಫಲವು ಭಾರತಕ್ಕೂ ತಲುಪಿದೆ. ಹಾರ್ವರ್ಡಿನವರು ನಕ್ಷತ್ರಗಳನ್ನು ಗೆರೆಗಳ ಆಧಾರದಿಂದ ವರ್ಗಗಳಾಗಿ ವಿಂಗಡಿಸಿದ್ದರೂ, ಆ ಭೇದಗಳಿಗೆ ಕಾರಣವೇನೆಂಬುದು ತಿಳಿದಿರಲಿಲ್ಲ. ತಾಪ ಹೆಚ್ಚಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಪ್ರಮಾಣವನ್ನು ಲೆಕ್ಕಹಾಕಿ, ಆ ವರ್ಗಗಳು ಮುಖ್ಯವಾಗಿ ನಕ್ಷತ್ರಗಳ ತಾಪದ ಕ್ರಮವೆಂದು 1920-21ರಲ್ಲಿ ತೋರಿಸಿಕೊಟ್ಟವರು ಮೇಘನಾದ ಸಹಾ. ಹಡ್ಸನ್ ದಡದ ಹಿತ್ತಿಲಲ್ಲಿ ಆರಂಭವಾದ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಕಲ್ಕತ್ತೆಯ ಒಬ್ಬ ತರುಣ ಅಧ್ಯಾಪಕರು.

ಡ್ರೇಪರರ ಹೆಸರಿನ ಎರಡು ಮೊದಲಕ್ಷರಗಳಾದ ಎಚ್‌ಡಿ ಎಂಬುದರೊಡನೆ ಒಂದು ಸಂಖ್ಯೆಯನ್ನು ಸೇರಿಸಿ ನಕ್ಷತ್ರಗಳನ್ನು ಕರೆಯುವ ರೂಢಿ ಇಂದಿಗೂ ಲೋಕದ ಎಲ್ಲ ವೀಕ್ಷಣಾಲಯಗಳಲ್ಲಿ ಉಂಟು. ಗುರುಗ್ರಹದ ಬೆಳಕನ್ನು ಫಲಕಕ್ಕಿಳಿಸಲು ಶ್ರಮಿಸಿದ ಅವರ ಹೆಸರು ಈಗ ಬೇರೆ ಸೂರ್ಯರ ಗ್ರಹಗಳಿಗೂ ಅಂಟಿಕೊಂಡಿದೆ. ತನ್ನ ನಕ್ಷತ್ರದ ಬಿಂಬವನ್ನು ಹಾದುಹೋಗುವಾಗ 1999ರಲ್ಲಿ ಮೊದಲಬಾರಿಗೆ ಪತ್ತೆಯಾದ ದೂರದ ಗ್ರಹವು ಎಚ್‌ಡಿ 209458 ಎಂಬ ನಕ್ಷತ್ರದ್ದು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಭಾರತದಿಂದ ಬಂದ ಸಲಹೆಯನ್ನು ಮನ್ನಿಸಿ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿನಲ್ಲಿ ಬಿಭಾ ಎಂದೂ, ಅದನ್ನು ಸುತ್ತುವ ಗ್ರಹಕ್ಕೆ ಸಂತಮಸ ಎಂಬ ಸಂಸ್ಕೃತದ ಹೆಸರನ್ನೂ ಇಟ್ಟಿತು.

ಡ್ರೇಪರರು ಸ್ವತಃ ವರ್ಣಪಟಲದ ಛಾಯಾಚಿತ್ರ ತೆಗೆಯಲು ಸಾಧ್ಯವಾದದ್ದು ಕೆಲವೇ ಹತ್ತಾರು ನಕ್ಷತ್ರಗಳದು. ಅವರ ಹೆಸರಿನ ಪಟ್ಟಿಯಲ್ಲಿರುವವು ಎರಡೂಕಾಲು ಲಕ್ಷಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ತುಂಬಿದವರು, ಕಲಿತದ್ದನ್ನು ಬಚ್ಚಿಡದೆ ಬರೆದಿಟ್ಟ ಒಬ್ಬ ಅಧ್ಯಾಪಕರು, ಸ್ಮಾರಕಕ್ಕಿಂತ ಕಾರ್ಯವೇ ಮೇಲೆಂದು ಬಗೆದ ಒಬ್ಬ ದಾನಿ, ಅಲ್ಪ ವೇತನಕ್ಕೆ ದುಡಿದು ಒಂದೊಂದು ಗೆರೆಯನ್ನೂ ಶ್ರದ್ಧೆಯಿಂದ ಓದಿದ ಹಲವು ಮಹಿಳೆಯರು.